ಅಕ್ಕನ ಗಾಡಿಗೆ ಹಾಕಿದ ಸಸ್ತಾ ಜೋರು

ರವಿವಾರ ಪೇಟೆ, ಬೆಳಗಾವಿ
ಕಾರ್ತಿಕ ಮಾಸ, ೧೯೮೭

ನನ್ನ ಹೆಂಡತಿಯ ತಮ್ಮನಾದ ತಮ್ಮಣ್ಣನಿಗೆ,

ಚಿರಂಜೀವಿ ಎಂದು ಮೊದಲು ಬರೆದು ಆಮೇಲೆ ಹೊಡೆದು ಹಾಕಿದ್ದೇನೆ. ಕಾಗದ ಬದಲಿಸಲಿಲ್ಲ, ಹೊಡೆದದ್ದು ನಿನಗೆ ಕಾಣಲಿ ಎಂದು ಹಾಗೆಯೇ ಬಿಟ್ಟಿದ್ದೇನೆ. ನೀನು ಬೇಗ ಸಾಯಲಿ ಎಂಬುದು ನನ್ನ ಇಚ್ಛೆಯಲ್ಲ. ಸಾಯುವುದಕ್ಕೂ ಖರ್ಚು ಬರುತ್ತದೆ, ನೀನು ಅದನ್ನು ಮುಂದೂಡುತ್ತಲೇ ಇರುತ್ತೀ ಎಂಬ ಭರವಸೆ ನನಗಿದೆ.

ನಿನ್ನ ಪತ್ರ ಬಂತು. ವಿತ್ ರೆಫರೆನ್ಸ್ ಟು ಯುವರ್ ಲೆಟರ್ ಎಂದು ಶುರು ಮಾಡಬೇಕು ಅಂತ ಕಾಲೇಜಿನಲ್ಲಿ ಕಲಿಸಿದ್ದರು, ಆ ವಾಕ್ಯದ ಬಾಲ ಮರೆತುಹೋಗಿದೆ. ಬಿ.ಎ. ಓದಿ ಬೆಲ್ಲ ಮಾರಿದವನ ಇಂಗ್ಲಿಷು ಹೀಗೆಯೇ. ತಲೆ ಇರುತ್ತದೆ, ಬಾಲ ಇರುವುದಿಲ್ಲ. ನೀನು ಆಟೋ ನಗರದ ರಿಪೇರಿ ಶೆಡ್ಡಿನಲ್ಲಿ, ನಾನು ರವಿವಾರ ಪೇಟೆಯಲ್ಲಿ. ಒಂದೇ ಊರಿನಲ್ಲಿದ್ದುಕೊಂಡು ನಾವಿಬ್ಬರೂ ಪೋಸ್ಟಿನವನ ಚಪ್ಪಲಿ ಸವೆಸುತ್ತಿದ್ದೇವೆ. ನಿನ್ನ ಅಕ್ಕನನ್ನು ಮಣ್ಣು ಮಾಡಿ ಬಂದಂದಿನಿಂದ ಮೂರು ವರ್ಷ ನಿನ್ನ ಜೊತೆ ಮಾತಾಡಿಲ್ಲ. ಈಗಲೂ ಮಾತಾಡುತ್ತಿಲ್ಲ. ಬರೆಯುವುದು ಮಾತಾಡಿದಂತಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೇನೆ.

ನೀನು ಬರೆದದ್ದನ್ನು ನಿನಗೇ ತಿರುಗಿ ಹೇಳುತ್ತೇನೆ, ಯಾಕೆಂದರೆ ನೀನು ಬರೆದ ಮೇಲೆ ಓದಿ ನೋಡುವವನಲ್ಲ. ‘ಅವ್ವಗ ಆರಾಮಿಲ್ಲ ಮಾಮಾ. ಖಾನಾಪುರಕ್ಕ ಹೋದಾಗೊಮ್ಮೆ ಅಕ್ಕ ಹೆಂಗ ಹೋದ್ಳು ಅಂತ ಕೇಳ್ತಾಳ. ಹೂವಿನಂಗ ಹೋದ್ಳು ಅಂತ ಹೇಳೀನಿ. ನಂಬವಲ್ಲಳು. ನೀವು ಒಂದ್ಸಲ ಹೋಗಿ ಹಂಗ ಹೇಳಿಬಿಡ್ರಿ. ನಿಮ್ಮ ಮಾತು ನಂಬತಾಳ.’

ಅಂದರೆ ನಿನ್ನ ಸುಳ್ಳಿಗೆ ಜೋರು ಸಾಲದೆ, ನನ್ನದೊಂದು ಬ್ಯಾಟರಿ ಹಚ್ಚಲು ಬಂದಿದ್ದೀ. ಇದು ನಿನ್ನ ಹಳೆಯ ವಿದ್ಯೆ.

ಪತ್ರ ಓದಿದವನೇ ಗೋದಾಮಿಗೆ ಹೋಗಿ ನಿನ್ನ ಅಕ್ಕನ ಗಾಡಿಯ ಮೇಲಿನ ತಾಡಪತ್ರಿ ಸರಿಸಿದೆ. ನೀನು ಅದನ್ನು ತಂದ ದಿನ ನನಗೆ ಚೆನ್ನಾಗಿ ನೆನಪಿದೆ. ಸೊಂಟ ಮುರಿದ ಮೇಲೆ ನಿನ್ನ ಅಕ್ಕ ಶಿವಬಸವ್ವ ಹೊಸ್ತಿಲು ದಾಟದೆ ವರ್ಷವಾಗುತ್ತ ಬಂದಿತ್ತು. ಗೋವಾದ ಯಾವನೋ ಗಣಿ ಧಣಿ, ಗಾಲ್ಫ್ ಎಂಬ ಆಟದ ಮೈದಾನದಲ್ಲಿ ನಡೆಯಲು ಬೇಸರಪಟ್ಟು ಅಮೇರಿಕೆಯಿಂದ ಬ್ಯಾಟರಿ ಗಾಡಿ ತರಿಸಿದ್ದನಂತೆ. ನಡೆಯುವುದೇ ಬೇಸರವಾದರೆ ಆಟ ಯಾಕೆ ಆಡಬೇಕೋ, ದೇವರಿಗೇ ಗೊತ್ತು. ಧಣಿ ಸತ್ತ, ಮಕ್ಕಳು ಮಾರಿದರು, ಗಾಡಿ ಗೂಡ್ಸಿನಲ್ಲಿ ಲೋಂಡಾದ ಕಾಡು ದಾಟಿ ಬಂದು ನಿನ್ನ ಶೆಡ್ಡಿನ ಬಾಗಿಲಲ್ಲಿ ಇಳಿಯಿತು. ನಾಲ್ಕು ಸಣ್ಣ ಗಾಲಿ, ಇಬ್ಬರು ಕೂಡುವ ಸೀಟು, ಪೈಪುಗಳ ಮೇಲೊಂದು ಛತ್ತು, ಸೀಟಿನ ಕೆಳಗೆ ಆರು ಬ್ಯಾಟರಿ, ಹಿಂದೆ ಆಟದ ಕೋಲುಗಳನ್ನಿಡುವ ಜಾಗ. ಸದ್ದಿಲ್ಲ, ಹೊಗೆಯಿಲ್ಲ, ಹಾಗೆಯೇ ನಡೆಸಿಕೊಂಡು ನಮ್ಮ ಬಾಗಿಲಿಗೆ ತಂದೆ. ಶಿವಬಸವ್ವ ಅದನ್ನು ಸುತ್ತಲೂ ನೋಡಿ, ‘ತೊಟ್ಟಿಲಕ್ಕ ಗಾಲಿ ಹಚ್ಚಿದಂಗ ಐತೆಲ್ಲಲೇ ತಮ್ಮಾ’ ಎಂದಳು. ಹತ್ತಿ ಕುಳಿತಳು. ಅವಳು ಕೂತ ಕಡೆ ಗಾಡಿ ವಾಲಿತು.

ಅವಳ ತೂಕದ ಬಗ್ಗೆ ನಾನು ಮಾತಾಡಬಹುದು, ನೀನು ಮಾತಾಡಬಾರದು. ಅಮೇರಿಕೆಯ ಆ ಗಾಡಿ ಹುಲ್ಲಿನ ಮೇಲೆ ಕೋಲು ಹಿಡಿದ ಸಾಹೇಬನನ್ನು ಒಯ್ಯಲು ಹುಟ್ಟಿದ್ದು. ನಮ್ಮ ಶಿವಬಸವ್ವನನ್ನು ಕೂಡಿಸಿಕೊಂಡು ಬೆಳಗಾವಿಯ ಏರು ಏರಲು ಅಲ್ಲ. ಮೊದಲನೆಯ ಸೋಮವಾರವೇ ಗುಡಿಗೆ ಹೋಗುವಾಗ ಏರಿನ ನಡುವೆ ಉಸಿರು ಬಿಟ್ಟು ನಿಂತಿತು. ಪೇಟೆಯ ಹಮಾಲರು ಬಂದು, ‘ಗೌಡಸಾನಿ ಮೆರವಣಿಗಿ ನಿಂತೈತ್ರೋ, ಕೈ ಹಚ್ರಿ’ ಎನ್ನುತ್ತ ನೂಕಿಕೊಂಡು ತಂದು ಮನೆ ಮುಟ್ಟಿಸಿದರು. ಅವಳು ಇಳಿದವಳೇ ನಿನಗೆ ಹೇಳಿದಳು: ‘ಇದಕ್ಕ ಏರ ಹತ್ತೋವಷ್ಟು ಜೋರ ಹಾಕಲೇ. ಮಂದಿ ಕಡೆ ನೂಕ್ಸಿಕೊಂಡು ತಿರಗಾಕ ನಾ ಏನ ಹೆಣ ಏನ?’

ಹೊಸ ಬ್ಯಾಟರಿ, ದೊಡ್ಡವು, ತರಿಸಿಬಿಡೋಣ ಎಂದು ನಾನು ಅಂದೆ. ನೀನು ಹಾವು ತುಳಿದವನಂತೆ ಹಾರಿದೆ. ‘ಹೊಸಾದ್ಯಾಕ ಮಾಮಾ? ಸಸ್ತಾದಾಗ ಜೋರ ತರ್ತೀನಿ ನೋಡ್ರಿ.’ ನಿನ್ನ ಬದುಕೆಲ್ಲ ಸಸ್ತಾ ಎಂಬ ಈ ಒಂದು ಶಬ್ದದ ಮೇಲೆ ನಿಂತಿದೆ. ನಿನ್ನ ಹೆಂಡತಿ ಸತ್ಯವ್ವನ ಚಪ್ಪಲಿಗೆ ಲಾರಿಯ ಟಾಯರು ಹೊಲಿಸಿದ್ದೀ. ಅವಳು ನಡೆದು ಬಂದರೆ ಓಣಿಯವರು ಗಾಡಿ ಬಂತೆಂದು ಬಾಜು ಸರಿಯುತ್ತಾರೆ. ಹಾಗೆಯೇ ಆಟೋ ನಗರದಲ್ಲಿ ಎಲ್ಲೋ ಮಗುಚಿ ಬಿದ್ದ ಲಾರಿಯೊಂದರ ಬ್ಯಾಟರಿ ಬಿಚ್ಚಿಕೊಂಡು ಬಂದು, ಆಟದ ಕೋಲುಗಳ ಜಾಗದಲ್ಲಿಟ್ಟು, ಆರರ ಸಾಲಿಗೆ ಏಳನೆಯದಾಗಿ ತಂತಿ ಬಿಗಿದೆ. ಗಾಡಿ ಏರು ಹತ್ತಿತು. ಅದನ್ನು ಇಲ್ಲವೆನ್ನಲಾರೆ. ಹಮಾಲರು ಹೊತ್ತ ಚೀಲ ಇಳಿಸಿ ನಿಂತು ನೋಡಿದರು.

ಆದರೆ ಪೆಡಲು ಒತ್ತಿದಾಗ ಕರೆಂಟು ಒಮ್ಮೆಲೇ ನುಗ್ಗದೆ ಸ್ವಲ್ಪ ಸ್ವಲ್ಪವೇ ಬರಲಿ ಎಂದು ಅದರೊಳಗೆ ದಪ್ಪ ತಂತಿಯ ಸುರುಳಿಗಳಿದ್ದವು. ಹೆಚ್ಚಿದ ಜೋರು ತಾಳದೆ ಮೊದಲನೆಯ ಸುರುಳಿ ಕೆಂಪಾಗಿ ಕಡಿದುಹೋಯಿತು. ಹೊಸದು ಬೇಕೆಂದರೆ ಮುಂಬಯಿಗೆ ಬರೆಯಬೇಕಿತ್ತು. ನೀನು ಒಂದು ತಾಮ್ರದ ಪಟ್ಟಿ ಬಡಿದು ಚಪ್ಪಟೆ ಮಾಡಿ ಈ ತುದಿಗೂ ಆ ತುದಿಗೂ ಬೆಸೆದುಬಿಟ್ಟೆ. ‘ನಡುವಿನ ದಲಾಲನ್ನ ತಗದಬಿಟ್ನಿ ಮಾಮಾ’ ಎಂದೆ. ಬೆಲ್ಲದ ದಲಾಲಿಯ ಮೇಲೆ ಬದುಕಿದವನ ಎದುರು ನಿಂತು ಹೇಳಿದ ಮಾತು ಅದು. ನಾನು ನಕ್ಕೆ. ದಲಾಲ ಇರುವುದು ಯಾಕೆ ಎಂದು ನಿನಗೆ ಗೊತ್ತಿಲ್ಲ. ಮಾಲು ಕೊಡುವವನ ಸಿಟ್ಟು ಕೊಳ್ಳುವವನಿಗೆ ನೇರ ತಗಲಬಾರದು ಎಂದು ನಡುವೆ ಒಬ್ಬ ಕೂತಿರುತ್ತಾನೆ.

ಅಲ್ಲಿಂದ ಮುಂದೆ ಆ ಗಾಡಿ ಹೊರಡುವುದೆಂದರೆ ಹೋರಿ ಗೂಟ ಕಿತ್ತಂತೆ. ಪೆಡಲಿಗೆ ಕಾಲು ತಾಗುವುದೇ ತಡ, ಜಿಗಿಯುತ್ತಿತ್ತು. ಆಮೇಲೆ ಮೆತ್ತಗೆ ಹೋಗುತ್ತಿತ್ತು. ನೀನು ಪ್ರತಿ ಸೋಮವಾರ ಶೆಡ್ಡು ಮುಚ್ಚಿ ಬಂದು ಅವಳನ್ನು ಗುಡಿಗೆ ಒಯ್ಯುತ್ತಿದ್ದೆ. ನಾಲ್ಕು ವರ್ಷ ಒಂದು ಸೋಮವಾರವೂ ತಪ್ಪಿಸಲಿಲ್ಲ, ಅದನ್ನೂ ಇಲ್ಲವೆನ್ನಲಾರೆ. ಪೆಡಲು ಒತ್ತುವ ಮೊದಲು ‘ಹಿಡ್ಕೋ ಅಕ್ಕಾ’ ಎನ್ನುತ್ತಿದ್ದೆ. ಅವಳು ಛತ್ತಿನ ಪೈಪನ್ನು ಎರಡೂ ಕೈಯಿಂದ ಹಿಡಿದು ಕಣ್ಣು ಮುಚ್ಚುತ್ತಿದ್ದಳು. ಗಾಡಿ ಜಿಗಿದಾದ ಮೇಲೆ ಕಣ್ಣು ತೆರೆದು ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದಳು. ಆ ನಗೆ ಅಂಗಡಿಯೊಳಗೆ ತಕ್ಕಡಿ ಹಿಡಿದು ಕೂತ ನನಗೆ ಕೇಳಿಸುತ್ತಿತ್ತು. ನಾನು ಕಟ್ಟಿಕೊಂಡ ಮೇಲೆ ಅವಳು ಹಾಗೆ ನಕ್ಕದ್ದು ನಿನ್ನ ಗಾಡಿಯಲ್ಲಿಯೇ. ಇದನ್ನು ಬರೆಯುವುದು ನನಗೆ ಸುಖದ ಮಾತಲ್ಲ.

ಎಂಬತ್ನಾಲ್ಕರ ಮಳೆಗಾಲ. ಬೆಳಗಿನ ಚಹಾ ಕುಡಿದು, ಎದೆ ಹಿಡಿದಂಗ ಆಗೈತಿ ಎಂದಳು. ನೀನು ಡಾಕ್ಟರನ್ನು ಕರೆಯಲು ಓಡಿದೆ. ದಿ ಪೇಷಂಟ್ ಹ್ಯಾಡ್ ಡೈಡ್ ಬಿಫೋರ್ ದಿ ಡಾಕ್ಟರ್ ಕೇಮ್. ಕಾಲೇಜಿನಲ್ಲಿ ಈ ವಾಕ್ಯವನ್ನು ನಮ್ಮಿಂದ ಎಷ್ಟು ಸಲ ಬರೆಸಿದ್ದರೋ. ಆಗ ಆ ಪೇಷಂಟಿಗೆ ಹೆಂಡತಿ ಮಕ್ಕಳು ಇದ್ದರೇ ಎಂದು ಒಬ್ಬನೂ ಕೇಳಲಿಲ್ಲ. ಯಾವುದು ಮೊದಲಾಯಿತು, ಯಾವುದು ಆಮೇಲೆ, ಅಷ್ಟೇ ಕೇಳುತ್ತಿದ್ದರು.

ಮಳೆಗೆ ಖಾನಾಪುರದ ದಾರಿ ಕಡಿದು ನಿನ್ನ ಅವ್ವ ಬರಲಾಗಲಿಲ್ಲ. ಮಠದ ಈರಯ್ಯನವರು ಬಂದರು. ಹೆಗಲ ಮೇಲೆ ಹೋಗುವುದು ಪದ್ಧತಿ ಎಂದರು. ನೀನು ಅವರ ಎದುರು ನಿಂತು, ‘ಅಕ್ಕ ನಾಕ ಮಂದಿ ಹೆಗಲ ಮುರೀತಾಳ್ರಿ ಅಯ್ಯಾರ. ಮಳ್ಯಾಗ ಒಬ್ಬಾಂವ ಕಾಲ ಜಾರಿದ್ರ ಏನ ಗತಿ? ಆಕೀ ಗಾಡಿ ಐತಿ, ಆಕೀ ಸೀಟ ಐತಿ. ಹೂವಿನಂಗ ಒಯ್ತೀನಿ’ ಎಂದೆ. ನಾನೂ ತಲೆಯಾಡಿಸಿದೆ. ಗಾಡಿ ಅವಳ ಪ್ರೀತಿಯದಾಗಿತ್ತು, ಅದರಲ್ಲಿ ಹೋಗಲಿ ಎಂದದ್ದಕ್ಕೆ ನಾನು ಇವತ್ತಿಗೂ ನಿನ್ನನ್ನು ಬೈಯುವುದಿಲ್ಲ. ನಮ್ಮವರು ಸತ್ತವರನ್ನು ಮಲಗಿಸಿ ಒಯ್ಯುವವರಾಗಿದ್ದರೆ ಏನೂ ಆಗುತ್ತಿರಲಿಲ್ಲ. ನಾವು ಕೂಡಿಸಿ ಒಯ್ಯುತ್ತೇವೆ. ಬಿದಿರಿನ ವಿಮಾನ ಕಟ್ಟಿ, ಬೆನ್ನಿಗೆ ಹಲಗೆ ಕೊಟ್ಟು, ಎದೆಗೂ ಹಣೆಗೂ ವಸ್ತ್ರ ಬಿಗಿದು. ವಿಮಾನಕ್ಕೆ ಬಿದಿರು ಬೇಕು, ಕಟ್ಟುವವರು ಬೇಕು. ನೀನು ಅದರಲ್ಲಿಯೂ ಉಳಿಸಿದೆ. ಸೀಟಿಗೇ ಬಾಳೆಕಂಬ ಕಟ್ಟಿ, ಸೇವಂತಿಗೆ ಸುತ್ತಿ, ಅವಳ ನಡುವಿಗೆ ಮಾತ್ರ ಒಂದು ವಸ್ತ್ರ ಸುತ್ತಿ ಗಂಟು ಹಾಕಿದೆ. ಆ ಸೀಟಿನ ಬೆನ್ನು ಎಷ್ಟು ಗಿಡ್ಡ ಎಂದು ನಿನಗೆ ಗೊತ್ತಿತ್ತು.

ಪರೀಕ್ಷೆ ಮಾಡಿಯೇ ಹೊರಟೆ, ಅದೂ ನಿಜ. ಅವಳ ಜಾಗದಲ್ಲಿ ನನ್ನ ಅಂಗಡಿಯ ಬೆಲ್ಲದ ಪೆಂಟೆಗಳನ್ನು ಒಟ್ಟಿ ಓಣಿಯಲ್ಲಿ ಒಂದು ಸುತ್ತು ಹೊಡೆದು ಬಂದು, ‘ಒಂದೂ ಅಳ್ಳಾಡ್ಲಿಲ್ಲ ಮಾಮಾ’ ಎಂದೆ. ಬೆಲ್ಲಕ್ಕೆ ಕುತ್ತಿಗೆ ಇರುವುದಿಲ್ಲ, ತಮ್ಮಣ್ಣ.

ಮನೆಯ ಮುಂದಿನಿಂದ ಹೊರಡುವಾಗ ಬಳಗದವರು ಶಾಸ್ತ್ರಕ್ಕೆ ಕೈ ಹಚ್ಚಿ ನೂಕಿದರು, ಗಾಲಿ ತಾವಾಗಿ ಉರುಳಿದವು, ಆಮೇಲೆ ನೀನು ಪೆಡಲು ಒತ್ತಿದ್ದರಿಂದ ಏನೂ ತಿಳಿಯಲಿಲ್ಲ. ಪೇಟೆಯ ಜನ ಬಾಗಿಲಿಗೆ ಬಂದು ಕೈ ಮುಗಿದರು. ಲಿಂಗ ಹಿಡಿದ ಎಡಗೈ ತೊಡೆಯ ಮೇಲೆ, ಹಣೆ ತುಂಬ ವಿಭೂತಿ, ಹಸಿರು ಇಳಕಲ್ಲು ಸೀರೆ. ಸೋಮವಾರ ಗುಡಿಗೆ ಹೊರಟ ಹಾಗೆಯೇ ಇದ್ದಳು. ನನಗೆ ಒಂದು ಗಳಿಗೆ ಸಂತೋಷವೇ ಆಯಿತು.

ಏರು ಶುರುವಾಗುವಲ್ಲಿ ವಿಶ್ರಾಂತಿಯ ಶಾಸ್ತ್ರಕ್ಕೆಂದು ಗಾಡಿ ನಿಲ್ಲಿಸಿದರು. ಚುರುಮುರಿ ತೂರಿದರು. ಹಲಗೆ ಬಾರಿಸುವವರು ಗಾಡಿಯ ಮುಂದೆಯೇ ನಿಂತು ಹಲಗೆ ಕಾಯಿಸಿಕೊಳ್ಳಲು ನೋಡುತ್ತಿದ್ದರು, ಮಳೆಗೆ ತೊಗಲು ಸಡಿಲಾಗಿತ್ತು. ನಾನು ಅವಳ ಬಾಜು ನಿಂತಿದ್ದೆ. ಈರಯ್ಯನವರು ‘ನಡೀಲಿ’ ಎಂದರು. ನೂಕಲು ಕೈ ಹಚ್ಚಬೇಕೆಂದು ಯಾರಿಗೂ ಹೊಳೆಯಲಿಲ್ಲ. ನೀನು ಅವಳ ಕಡೆ ತಿರುಗಿದೆ. ‘ಹಿಡ್ಕೋ ಅಕ್ಕಾ’ ಎಂದೆ. ಒತ್ತಿದೆ.

ಎ ಬಾಡಿ ಅಟ್ ರೆಸ್ಟ್ ಎಂದು ಏನೋ ಒಂದು ನಿಯಮ ಕಲಿತಿದ್ದೆ, ಅದರದ್ದೂ ಅರ್ಧವೇ ನೆನಪು. ಉಳಿದರ್ಧವನ್ನು ಅಂದು ಕಣ್ಣಾರೆ ನೋಡಿದೆ. ಗಾಡಿ ಜಿಗಿಯಿತು. ಅವಳ ತಲೆ ಆ ಗಿಡ್ಡ ಬೆನ್ನಿನಾಚೆ ಹಿಂದಕ್ಕೆ ಬಿತ್ತು, ಬಾಯಿ ತೆರೆಯಿತು. ಹಲಗೆಯವರು ಕೂಗಿದರು. ನೀನು ಹೆದರಿ ಬ್ರೇಕು ತುಳಿದೆ. ನಡುವಿನ ಗಂಟು ಬಿಚ್ಚಿ, ಇಡೀ ಶಿವಬಸವ್ವ ಎದ್ದು ಬಂದಂತೆ ಮುಂದಕ್ಕೆ ಬಂದು, ಬಾಳೆಕಂಬ ಮುರಿದುಕೊಂಡು, ರಸ್ತೆಯ ಕೆಸರಿನಲ್ಲಿ ಬೋರಲು ಬಿದ್ದಳು. ಕೈಯೊಳಗಿನ ಲಿಂಗ ಉರುಳುತ್ತ ಗಟಾರಿಗೆ ಹೋಯಿತು. ಈರಯ್ಯನವರು ಆ ವಯಸ್ಸಿನಲ್ಲಿ ಮೊಣಕಾಲೂರಿ ಗಟಾರಿನೊಳಗೆ ಕೈ ಹಾಕಿ ಹುಡುಕಿದರು. ಬಾಜು ಮನೆಯ ಚಂದ್ರವ್ವ ಸೆರಗಿನಿಂದ ಅವಳ ಮುಖ ಒರೆಸಿದಳು. ಒರೆಸಿದಷ್ಟೂ ವಿಭೂತಿಯೂ ಕೆಸರೂ ಕೂಡಿ ಹರಡಿತು.

ನೀನು ನಕ್ಕೆ.

ಇಷ್ಟು ದಿನ ನನ್ನ ಸಿಟ್ಟೆಲ್ಲ ಗಾಡಿಯ ಮೇಲೆ ಎಂದು ನೀನು ಊರೆಲ್ಲ ಹೇಳಿಕೊಂಡು ತಿರುಗಿದ್ದೀ. ಗಾಡಿಯ ಮೇಲಲ್ಲ. ಲಾರಿಯ ಬ್ಯಾಟರಿಯ ಮೇಲೆಯೂ ಅಲ್ಲ, ತಾಮ್ರದ ಪಟ್ಟಿಯ ಮೇಲೆಯೂ ಅಲ್ಲ. ನೀನು ಸ್ಟೇರಿಂಗು ಹಿಡಿದು ಕೂತಲ್ಲಿಯೇ ಕೂತು, ‘ಹಿಡ್ಕೋ ಅಂದಿದ್ನಲ್ಲ’ ಎಂದು ನಕ್ಕೆ. ಸಣ್ಣ ನಗೆಯಲ್ಲ, ಹಲ್ಲು ಕಾಣುವ ನಗೆ. ಹಲಗೆಯವರು ಕೇಳಿದರು, ಹಮಾಲರು ಕೇಳಿದರು. ಅಲ್ಲಿಂದ ಅವಳನ್ನು ಹೆಗಲ ಮೇಲೆಯೇ ಹೊತ್ತರು, ಯಾರ ಹೆಗಲೂ ಮುರಿಯಲಿಲ್ಲ. ಗಾಡಿಯನ್ನು ಮರುದಿನ ಬೆಲ್ಲದ ಚಕ್ಕಡಿಗೆ ಕಟ್ಟಿಸಿ ಎಳೆಸಿಕೊಂಡು ಬಂದು ಗೋದಾಮಿಗೆ ಹಾಕಿದೆ. ಸಾಯಲು ಬಿಟ್ಟಿಲ್ಲ ಅದನ್ನು. ಬ್ಯಾಟರಿಗೆ ನಾನೇ ನೀರು ಹಾಕುತ್ತೇನೆ, ನಾನೇ ಚಾರ್ಜಿಗೆ ಇಡುತ್ತೇನೆ. ಒಂದು ತಂತಿಯನ್ನೂ ಸರಿಪಡಿಸಿಲ್ಲ. ನೀನು ಮಾಡಿದ್ದು ನೀನು ಮಾಡಿದಂತೆಯೇ ಇರಲಿ ಎಂದು.

ಈಗ ನಿನ್ನ ಪತ್ರ. ಹೂವಿನಂಗ ಹೋದ್ಳು ಅಂತ ಹೇಳಿಬಿಡ್ರಿ.

ಬುಧವಾರದ ಪ್ಯಾಸೆಂಜರಿಗೆ ಖಾನಾಪುರಕ್ಕೆ ಹೋದೆ. ಹೇಳಲು ಹೋದದ್ದು ನಿಜ, ನೀನು ಕೇಳಿದ್ದನ್ನಲ್ಲ. ರೈಲಿನಲ್ಲಿ ಕೂತು ವಾಕ್ಯಗಳನ್ನು ಜೋಡಿಸಿಕೊಂಡೆ. ನಿನ್ನ ತಾಯಿಯ ಮುಂದೆ ನಿನ್ನನ್ನು ನಿಲ್ಲಿಸಿ ಒಂದೊಂದೇ ಬಟ್ಟೆ ಬಿಚ್ಚಬೇಕೆಂದು ಹೋದೆ. ಮುದುಕಿ ಸಾಯುವ ಮೊದಲು ತನ್ನ ಮಗ ಎಂಥವನೆಂದು ತಿಳಿದು ಸಾಯಲಿ ಎಂದು ಹೋದೆ.

ನಿನ್ನ ಅವ್ವ ಕಾಶವ್ವ ಹಗ್ಗದ ಹೊರಸಿನ ಮೇಲೆ ಗೋಡೆಗೆ ಆನಿಸಿದಂತೆ ಕೂತಿದ್ದಳು. ಮನೆಗೆಲಸದ ಸಂಗವ್ವ ಗಂಜಿ ಕುಡಿಸುತ್ತಿದ್ದಳು. ಕಾಶವ್ವನ ಕಣ್ಣು ಪೂರಾ ಹೋಗಿವೆ, ಕಿವಿ ಮಾತ್ರ ಹುಲಿಯವು. ನನ್ನ ಚಪ್ಪಲಿಯ ಸದ್ದಿಗೇ, ‘ಬರ್ರಿ ಅಳಿಯಾರ, ಕುಂದರ್ರಿ. ಕಡೀಕೂ ಬಂದ್ರಿ. ತಮ್ಮಣ್ಣ ಕಳಿಸ್ಯಾನ ಹೌದಲ್ಲ?’ ಎಂದಳು. ನಾನು ಕೂತೆ. ಸಂಗವ್ವನನ್ನು ಒಳಗೆ ಕಳಿಸಿ ಅವಳೇ ಕೇಳಿದಳು: ‘ಮಗಳು ಹೂವಿನಂಗ ಹೋದ್ಳಂತ. ಹೂವು ಅಷ್ಟ ತೂಕ ಇರ್ತಾವೇನ್ರಿ? ನನ್ನ ಹೊಟ್ಟ್ಯಾಗಿಂದ ಬರೋವಾಗೂ ಆಕಿ ಹೂವಿನಂಗ ಬರಲಿಲ್ಲ. ಈ ಊರಿನ ಹೆಂಗಸರು ಆಕೀ ಹೆಸರ ತಗದ ಕೂಡ್ಲೆ ಮಾತ ನುಂಗತಾರ. ಖರೇ ಹೇಳ್ರಿ.’

ಹೇಳಿದೆ. ಯಾವುದನ್ನೂ ಬಿಡಲಿಲ್ಲ. ಲಾರಿಯ ಬ್ಯಾಟರಿ, ಸುಟ್ಟ ಸುರುಳಿ, ನಡುವಿಗೆ ಒಂದೇ ವಸ್ತ್ರ, ಕೆಸರು, ಗಟಾರು. ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದೆ. ಅವಳ ಮುಖವನ್ನೇ ನೋಡುತ್ತ ಹೇಳಿದೆ. ಕುರುಡರ ಮುಖ ನೋಡಲು ಯಾರ ಅಂಜಿಕೆಯೂ ಇರುವುದಿಲ್ಲ.

ಅಳುತ್ತಾಳೆ ಎಂದುಕೊಂಡಿದ್ದೆ. ‘ಸೀರಿ ಬದಲಿ ಮಾಡಿದ್ರೇನ?’ ಎಂದು ಕೇಳಿದಳು. ಇಲ್ಲ ಅತ್ತಿ, ಮಳೆ ಜೋರಿತ್ತು, ಹಾಗೆಯೇ ಇಟ್ಟೆವು ಎಂದೆ. ‘ಇರ್ಲಿ ಬಿಡ್ರಿ. ಮಣ್ಣಿಗೆ ಹೋಗಾಕಿಗೆ ಮೊದಲ ಮಣ್ಣ ಹತ್ತಿತು’ ಎಂದಳು. ‘ಅಂವಾ ಏನ ಮಾಡಿದ?’ ಎಂದು ಕೇಳಿದಳು.

ನಾನು ಇದಕ್ಕಾಗಿಯೇ ಕಾದಿದ್ದೆ. ನಕ್ಕ ಎಂದೆ. ಏನೆಂದು ನಕ್ಕ ಎಂಬುದನ್ನೂ ಹೇಳಿದೆ.

ಅವಳ ಕೈ ಹೊರಸಿನ ಕಟ್ಟು ಹಿಡಿದಿತ್ತು, ಬಿಗಿಯಾಯಿತು. ‘ಒತ್ತೂಕಿಂತ ಮೊದಲ ಹಿಡ್ಕೋ ಅಂದ್ನ?’ ಎಂದು ಕೇಳಿದಳು. ಹೌದು ಎಂದೆ. ‘ಸತ್ತಾಕಿಗೆ?’ ಹೌದು ಎಂದೆ. ‘ಅವರಪ್ಪನ್ನ ಮಣ್ಣಿಗಿಟ್ಟಾಗೂ ಅಂವಾ ಹಿಂಗ ನಕ್ಕಿದ್ದ. ಗುಂಡಿ ದಂಡೀಮ್ಯಾಲ ನಿಂತು, ಹಲ್ಲ ಕಿಸದು. ನಾ ನಾಕ ಮಂದಿ ಮುಂದ ಕಪಾಳಕ್ಕ ಬಡದ್ನಿ. ಬಡದಷ್ಟು ನಕ್ಕ. ಆವಾಗ ತಿಳೀತು, ಅಂವಗ ಅಳು ಬಾಯಾಗ ಬರೂದ ಹಂಗ ಅಂತ. ಇಷ್ಟ ವರ್ಷ ಮನಿ ಅಳಿಯ ಆಗಿದ್ರಿ, ನಿಮಗ ತಿಳೀಲಿಲ್ಲೇನ್ರಿ?’

ನನಗೆ ತಿಳಿದಿರಲಿಲ್ಲ. ಈಗ ತಿಳಿಯಿತು. ತಿಳಿದ ಮಾತ್ರಕ್ಕೆ ನನ್ನ ಕಿವಿಯೊಳಗಿನ ನಗೆ ಅಳುವಾಗುವುದಿಲ್ಲ, ಅದನ್ನು ಇಲ್ಲಿಯೇ ಬರೆದು ಬಿಡುತ್ತೇನೆ, ನೀನು ಸುಳ್ಳು ಆಸೆ ಇಟ್ಟುಕೊಳ್ಳಬಾರದು.

ಆಮೇಲೆ ಅವಳು ನನ್ನ ಕಡೆ ತಿರುಗಿದಳು. ಕಣ್ಣಿಲ್ಲದಿದ್ದರೂ ತಿರುಗಿದಳು. ‘ಅಂವಾ ಸುಳ್ಳ ಹೇಳಿದ್ದು ನಾ ಸುಖದಿಂದ ಸಾಯ್ಲಿ ಅಂತ. ನೀವು ಖರೇ ಹೇಳಾಕ ಬಂದದ್ದು ಯಾತಕ್ಕ ಅಂತ ನನಗ ಗೊತ್ತಾತು ಅಳಿಯಾರ. ನನ್ನ ಮಗನ್ನ ನನ್ನ ಮುಂದ ಕೆಡವಾಕ ಬಂದ್ರಿ. ಕೆಡವಿದ್ರಿ. ಈಗ ನಾ ಹೇಳೂದ ಕೇಳ್ರಿ, ಇಬ್ರೂ ಕೇಳ್ರಿ. ನಾ ಸತ್ತ ಮ್ಯಾಲ ನನ್ನ ಅದ ಗಾಡ್ಯಾಗ ಹೊಲಕ್ಕ ಒಯ್ಯಬೇಕು. ಅದ ಸೀಟಿನ್ಯಾಗ ಕುಂಡ್ರಸ್ರಿ. ಎದಿಗೆ ಕಟ್ಟಬ್ಯಾಡ್ರಿ, ಹಣಿಗೆ ಕಟ್ಟಬ್ಯಾಡ್ರಿ. ತಮ್ಮಣ್ಣನ ನಡಸಬೇಕು. ಹೊಲದ ಏರಿಗೆ ಯಾರೂ ಕೈ ಹಚ್ಚಬಾರದು. ಆ ಸುಟ್ಟ ಸುರಳಿ ಅಂದ್ರೆಲ್ಲ, ಹೊಸಾದ ಹಾಕಸಬ್ಯಾಡ್ರಿ.’

ಯಾಕತ್ತಿ, ಒಂದು ಸುರುಳಿ ಹಾಕಿದರೆ ಮೆಲ್ಲಗೆ ಹೋಗುತ್ತದಲ್ಲ ಎಂದೆ. ನಿನ್ನ ಪರವಾಗಿ ನಾನು ಮಾತಾಡಿದ್ದು ನನಗೇ ಆಮೇಲೆ ಗೊತ್ತಾಯಿತು.

‘ಸುರಳಿ ಹಾಕಿದ್ರ ಗಾಡಿ ತಾನ ಮೆಲ್ಲಕ ಹೋಗ್ತೈತಿ’ ಎಂದಳು ನಿನ್ನ ಅವ್ವ. ‘ನನ್ನ ಮಗ ಮೆಲ್ಲಕ ಒಯ್ದಂಗ ಆಗೂದಿಲ್ಲ.’

ಅವಳ ಮಾತು ಮುಗಿದಿರಲಿಲ್ಲ. ‘ನೀವು ಗಾಡಿ ಮುಂದ ನಡೀಬೇಕು. ಒಂದ ಮಾರು ಮುಂದ, ಹೆಚ್ಚಿಗಿ ಅಲ್ಲ. ಹಿಂದ ತಿರುಗಿ ನೋಡಂಗಿಲ್ಲ, ಬಾಜು ಸರಿಯಂಗಿಲ್ಲ. ನಿಮ್ಮ ಬೆನ್ನ ಅಂವಗ ಕಾಣ್ತಿರಬೇಕು.’ ಮುಂದೆ ಹಲಗೆಯವರು ಇರುತ್ತಾರಲ್ಲ ಎಂದೆ. ‘ಅವರನ್ನ ಹಿಂದ ಹಾಕ್ರಿ. ಅವರ್ಯಾಕ ಸಾಯಬೇಕು ಪಾಪ’ ಎಂದಳು. ಎಂದು, ನಕ್ಕಳು. ಹಲ್ಲಿಲ್ಲದ ಬಾಯಿ. ಅದು ಯಾವ ನಗೆಯೋ, ನಿಮ್ಮ ಮನೆತನದ ನಗೆಯ ಲೆಕ್ಕ ನನಗೆ ಹತ್ತುವುದಿಲ್ಲ.

ಅಂದು ಅಲ್ಲಿಯೇ ಉಳಿದೆ. ಬೆಳಿಗ್ಗೆ ಎದ್ದು ಮುಖ ತೊಳೆದು ಬಂದಾಗ ನಿನ್ನ ಅವ್ವ ಹೊರಸಿನ ನಟ್ಟನಡುವೆ, ಗೋಡೆ ಬಿಟ್ಟು ಕೂತಿದ್ದಳು. ಕಟ್ಟಿನ ಮೇಲಿನ ಕೈಯನ್ನು ಒಂದೊಂದೇ ಬೆರಳು ಬಿಡಿಸಿ ತೊಡೆಯ ಮೇಲೆ ಇಟ್ಟುಕೊಂಡಳು. ತೂಗಾಡಿದಳು, ಬಾಜುವಿಗೆ ಬಿದ್ದಳು. ಸಂಗವ್ವ ಎತ್ತಿ ಕೂಡಿಸಿದಳು. ಮತ್ತೆ ಬಿಟ್ಟಳು, ಮತ್ತೆ ಬಿದ್ದಳು. ‘ಏನ ಹೇಳೂದ್ರಿ ಇವರಿಗೆ, ನಸಿಕಿನಿಂದ ಇದ ನಡದೈತಿ’ ಎಂದು ಸಂಗವ್ವ ನನಗೆ ದೂರು ಹೇಳಿದಳು. ನಿನ್ನ ಅವ್ವ, ‘ಕೈ ಬಿಟ್ಟ ಕುಂಡ್ರೂದು ಸತ್ತ ಮ್ಯಾಲ ಕಲಿಯಾಕ ಆಗೂದಿಲ್ಲ ತಂಗಿ, ಎತ್ತು’ ಎಂದಳು. ನಾನು ರೈಲಿಗೆ ಹೊತ್ತಾಯಿತೆಂದು ಹೇಳಿ ಚಪ್ಪಲಿ ಮೆಟ್ಟಿಕೊಂಡೆ. ರೈಲಿಗೆ ಇನ್ನೂ ಬಹಳ ಹೊತ್ತಿತ್ತು.

ಆದ್ದರಿಂದ ಹೀಗೆ. ನಾಳೆ ಬೆಲ್ಲದ ಲಾರಿಯಲ್ಲಿ ಗಾಡಿ ನಿನ್ನ ಶೆಡ್ಡಿಗೆ ಬರುತ್ತದೆ. ಇಳಿಸಿಕೊ. ಬ್ಯಾಟರಿ ತುಂಬಿವೆ. ಸುರುಳಿ ಹಾಕಿಸಿದರೆ ಮುದುಕಿಗೆ ತಿಳಿಯುವುದಿಲ್ಲ ಎಂದು ನಿನ್ನ ತಲೆಗೆ ಹೊಳೆಯುತ್ತದೆ. ನನಗೆ ತಿಳಿಯುತ್ತದೆ, ಮೂರು ವರ್ಷ ಆ ಗಾಡಿಯ ಹೊಟ್ಟೆ ನೋಡುತ್ತ ಕೂತವನು ನಾನು. ಶೆಡ್ಡಿನ ಹಿಂದೆ ಏರು ಇದೆಯಲ್ಲ, ಅಲ್ಲಿ ರೂಢಿ ಮಾಡು. ಬಾಜುವಿನ ಸೀಟಿನ ಮೇಲೆ ಕಂಠಮಟ್ಟ ನೀರು ತುಂಬಿದ ಕೊಡ ಇಟ್ಟುಕೊ, ಬೆಲ್ಲ ಬೇಡ. ಚೆಲ್ಲಿದರೆ ಒರೆಸು, ತುಂಬು, ಮತ್ತೆ ಒತ್ತು. ನಿನ್ನ ಕಾಲಿಗೆ ಅಷ್ಟು ಮೆತ್ತಗೆ ಒತ್ತಲು ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಿನ್ನಿಂದ ಆಗುವುದಿಲ್ಲ ಎಂದೇ ನನ್ನ ಅಂದಾಜು. ಆಟೋ ನಗರದವರು ನೋಡಿ ನಗುತ್ತಾರೆ, ನಗಲಿ.

ಇನ್ನೊಂದು ಮಾತು. ನನ್ನ ಬಲ ಮೊಣಕಾಲು ಹಿಡಿದುಕೊಳ್ಳುತ್ತದೆ. ಏರಿನಲ್ಲಿ ಹೆಜ್ಜೆ ಒಮ್ಮೊಮ್ಮೆ ಅಲ್ಲಿಯೇ ನಿಂತುಬಿಡುತ್ತದೆ, ಮುನ್ಸೂಚನೆ ಕೊಡುವುದಿಲ್ಲ. ಥಟ್ಟನೆ ಪಕ್ಕಕ್ಕೆ ಸರಿಯಲು ಬರುವುದಿಲ್ಲ, ಬಂದರೂ ಸರಿಯುವುದಿಲ್ಲ ಎಂದು ನಿನ್ನ ಅವ್ವನಿಗೆ ಮಾತು ಕೊಟ್ಟು ಬಂದಿದ್ದೇನೆ. ನೀನು ಹೆದರಿ ಬ್ರೇಕು ತುಳಿದರೆ ಅವಳು ಬೀಳುತ್ತಾಳೆ. ತುಳಿಯದಿದ್ದರೆ ನಾನು ಬೀಳುತ್ತೇನೆ. ಎರಡೂ ಆಗದಂತೆ ನಡೆಸಲು ಬಂದರೆ, ಹೊಲ ಮುಟ್ಟಿದ ಮೇಲೆ ನಾನು ತಿರುಗಿ ನಿನ್ನ ಮುಖ ನೋಡುತ್ತೇನೆ. ಆಗ ನೀನು ನಗುತ್ತಿದ್ದರೂ ನೋಡುತ್ತೇನೆ.

ಬಸವಣ್ಣ ನಿನ್ನ ಬಲಗಾಲಿಗೆ ಬುದ್ಧಿ ಕೊಡಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ಸದ್ಯ ನನ್ನಲ್ಲಿ ಇಲ್ಲ.

ನಿನ್ನ ಮುಂದೆ ಒಂದು ಮಾರು ದೂರದಲ್ಲಿ ನಡೆಯಬೇಕಾದ ಮಾಮಾ,
ಗುರುಪುತ್ರಪ್ಪ